ಆರ್ಲಿಸಣ್ಣನ ಜ್ವರ

ಆರ್ಲಿಸಣ್ಣ,

ನೀನು ಸತ್ತು ಮೂರು ವಾರವಾದ ಮೇಲೆ ಇವತ್ತು ನಮ್ಮ ಜೈಲಿಗೆ ಆರೋಗ್ಯ ಇಲಾಖೆಯ ಅಧಿಕಾರಿ ಬಂದಿದ್ದರು. ಬೆಳಿಗ್ಗೆಯೇ ಜೈಲಿನವರು ಎಲ್ಲರಿಗೂ ಹೊಸ ಮಾಸ್ಕು ಹಂಚಿದರು. ಅಲಬಾಮಾದ ಈ ಮಹಾನುಭಾವರಿಗೆ ಕೊರೋನಾ ನೆನಪಾಗುವುದು ತಪಾಸಣೆಯ ದಿನ ಮಾತ್ರ.

ನಿನ್ನ ಖಾಲಿ ಮಂಚದ ಮುಂದೆ ನಿಂತು ವಾರ್ಡನ್ ಹೂಪರ್ ಹಲ್ಲು ಕಿರಿದ. "ಮುದುಕನಿಗೆ ಸಕ್ಕರೆ ಕಾಯಿಲೆ ಇತ್ತು ಸರ್. ಈ ಕರಿಯರ ಮೈಯೇ ಹಾಗೆ. ಜ್ವರ ಅಂತ ಒಂದು ಮಾತೂ ಹೇಳ್ಲಿಲ್ಲ. ಬೇಕಾದ್ರೆ ಜೊತೇಲಿದ್ದ ಇವನನ್ನೇ ಕೇಳಿ."

"ಹೌದೇನಪ್ಪಾ?" ಅಂದರು ಅಧಿಕಾರಿ.

"ಇಪ್ಪತ್ತು ವರ್ಷ ಆ ಕಾಯಿಲೆ ಇಟ್ಕೊಂಡೇ ಬದುಕಿದ್ದ ಸರ್," ಅಂದೆ. "ಇಲ್ಲಿ ಕೆಮ್ಮಿದ ಬಿಳಿಯರನ್ನ ಆಸ್ಪತ್ರೆಗೆ ಕಳಿಸ್ತಾರೆ. ಕೆಮ್ಮಿದ ಕರಿಯರನ್ನ ಶಿಕ್ಷೆಯ ಒಂಟಿಕೋಣೆಗೆ ತಳ್ತಾರೆ. ಇನ್ನು ಜ್ವರ ಅಂತ ಯಾವನು ಬಾಯಿ ಬಿಡ್ತಾನೆ?"

ಹೂಪರನ ಮುಖ ಹುಳ್ಳಗಾಯಿತು. ಅಂಥವನನ್ನು ನೋಡಿ ನಗುವುದಕ್ಕೂ ನನಗೆ ಹೇಸಿಗೆಯಾಯಿತು. ಅಧಿಕಾರಿ ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, "ಧೈರ್ಯವಂತ ಕಣಯ್ಯಾ ನೀನು," ಅಂದರು.

ಬಾಯಿ ಮುಚ್ಚಿಕೊಂಡಿರು, ಜ್ವರ ಎರಡು ದಿನದಲ್ಲಿ ಇಳಿಯುತ್ತದೆ ಎಂದು ಪಕ್ಕದ ಮಂಚದಿಂದ ನಿನಗೆ ಹೇಳಿದವನು ಯಾರೆಂದು ಮಾತ್ರ ಅವರು ಕೇಳಲಿಲ್ಲ.