ಮೊಟ್ಟೆ ಒಡೆಯುವ ಸದ್ದು

ಬೂದಿಗೆರೆ
ಜುಲೈ ೧೪, ಸೋಮವಾರ ಬೆಳಿಗ್ಗೆ

ಪ್ರೀತಿಯ ಭಾನಣ್ಣಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಹುಬ್ಬಳ್ಳಿ ಮಳೆಯಲ್ಲಿ ಸಿಗ್ನಲ್ ರಿಪೇರಿ ಅಂತ ಹಳಿ ಪಕ್ಕ ನೆನೆಯುತ್ತಾ ನಿಂತಿರುತ್ತೀಯ, ರೂಮಿಗೆ ಬಂದ ಮೇಲಾದರೂ ತಲೆ ಒರೆಸಿಕೋ ಕಣಪ್ಪ. ಇಲ್ಲಿ ಎಲ್ಲರೂ ಆರೋಗ್ಯ. ಚಂದನಳಿಗೆ ಮೊನ್ನೆ ಏಳು ತಿಂಗಳು ತುಂಬಿತು, ಕೆಳಗೆ ಎರಡು ಹಲ್ಲು ಇಣುಕಿವೆ. ಅವಳು ಚೆನ್ನಾಗಿ ನಿದ್ದೆ ಮಾಡುತ್ತಾಳೆ, ನಾನು ಮಾಡುವುದಿಲ್ಲ. ಕಾರಣ ನಿನಗೆ ಗೊತ್ತಿರುವುದೇ: ಮಗುವಿಗೆ ಕಿವಿ ಕೇಳಿಸುತ್ತದೋ ಇಲ್ಲವೋ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಕುಕ್ಕರ್ ಕೂಗಿದರೆ ಬೆಚ್ಚುವುದಿಲ್ಲ. ವಿಮಾನಕ್ಕೂ ಏಳುವುದಿಲ್ಲ, ಆದರೆ ಏರ್‌ಪೋರ್ಟ್ ಪಕ್ಕದ ಈ ಊರಲ್ಲಿ ವಿಮಾನಕ್ಕೆ ನಾಯಿ ಕೂಡ ತಲೆ ಎತ್ತುವುದಿಲ್ಲ, ಅದರಿಂದ ಏನು ತಿಳಿದೀತು ಹೇಳು. ನಮ್ಮ ಅತ್ತೆಯದು ಒಂದೇ ಮಾತು: “ನಮ್ ಸುನಿಲನೂ ಹಿಂಗೇ ಗುಂಡುಕಲ್ಲಿನಂಗೆ ಬಿದ್ದಿರ್ತಿದ್ದ. ಈಗ ನೋಡು, ಪಕ್ಕದೂರಲ್ಲಿ ಬಾಡೂಟ ಅಂದ್ರೆ ಇಲ್ಲಿಗೇ ಕೇಳಿಸ್ತದೆ ಅವ್ನಿಗೆ!” ದೊಡ್ಡಾಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಆಗಸ್ಟ್ ಏಳಕ್ಕೆ ಡೇಟ್ ಕೊಟ್ಟಿದ್ದಾರೆ. ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೋದರೆ ಅರ್ಧಕ್ಕೇ ಅಳು ಬರುತ್ತದೆ, ಅದಕ್ಕೇ ಕಾಗದ.

ಆದರೆ ಇವತ್ತು ಬರೆಯುತ್ತಿರುವುದು ಅಳುವುದಕ್ಕಲ್ಲ! ನಿನ್ನೆ ಮಧ್ಯಾಹ್ನ ನಾವೆಲ್ಲ ಹೊಸ ಡೈನೋಸಾರ್ ಸಿನಿಮಾಕ್ಕೆ ಹೋಗಿದ್ದೆವು. ನಾವು ಚಿಕ್ಕವರಿದ್ದಾಗ ವಿಜಯಪುರದ ಟಾಕೀಸಿನಲ್ಲಿ ತೆಲುಗು ಡಬ್ಬಿಂಗ್‌ನಲ್ಲಿ ನೋಡಿದ್ದೆವಲ್ಲ, ಅದರ ಮುಂದಿನ ಕಥೆ ಅಂತ ಈಗ ಹೊಸದಾಗಿ ತೆಗೆದಿದ್ದಾರೆ. ವಿಜ್ಞಾನಿಗಳೆಲ್ಲ “ಪರಿಗೆತ್ತಂಡಿ!” ಅಂತ ಓಡುವಾಗ ನೀನೂ ಎದ್ದು ಬಾಗಿಲವರೆಗೆ ಓಡಿದ್ದೆ, ಅಪ್ಪ ಕಾಲರ್ ಹಿಡಿದು ಎಳೆದು ತಂದಿದ್ದರು. ಈ ಸಲ ಟಿಕೆಟ್ ತೆಗೆಸಿದವರು ಸುನಿಲ್. “ಏಳು ತಿಂಗಳಿಂದ ಗೋಡೆ ನೋಡ್ಕೊಂಡು ಕೂತಿದ್ದೀಯ, ಬಾ” ಎಂದು ಎಳೆದುಕೊಂಡು ಹೋದರು. ಅತ್ತೆಯೂ ರೇಷ್ಮೆ ಸೀರೆ ಉಟ್ಟು ಹೊರಟರು.

ಅಣ್ಣಾ, ಶುರುವಿನಲ್ಲಿ ಆ ಹಳೆಯ ರಾಗ ಬಂತು ನೋಡು, ಮೈ ಜುಮ್ಮೆಂದಿತು! ಅದೇ ದ್ವೀಪ, ಅದೇ ಜೀಪು, ಈಗ ತುಕ್ಕು ಹಿಡಿದು ಬಳ್ಳಿ ಹಬ್ಬಿಕೊಂಡಿದೆ. ಉದ್ದ ಕತ್ತಿನವು ಹಿಂಡಾಗಿ ಹೊಳೆ ದಾಟುತ್ತವೆ, ಮರಿಗಳನ್ನು ನಡುವೆ ಬಿಟ್ಟುಕೊಂಡು. ಅಲ್ಲಿ ನನಗೆ ಕಣ್ಣು ತುಂಬಿತು. ಅತ್ತೆ ಮಾತ್ರ ಗಟ್ಟಿಯಾಗಿ “ಇದು ನಮ್ ಓತಿಕ್ಯಾತನ ತಾತ ಕಣಮ್ಮ” ಎಂದರು. ದೊಡ್ಡದು ಬಂದು ಇಬ್ಬರನ್ನು ನುಂಗಿದಾಗ “ಅದ್ಕೂ ಹಸಿವು. ಇವ್ರನ್ನ ಅಲ್ಲಿಗೆ ಯಾರು ಹೋಗು ಅಂದೋರು?” ಅಂತ ಕೇಳಿದರು. ಕಥೆ ಬರೆದವರಿಗೂ ಅದಕ್ಕೆ ಉತ್ತರ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಅದೇ ಈ ಸಿನಿಮಾದ ಸೋಲು. ಮನುಷ್ಯರೆಲ್ಲ ರಟ್ಟಿನ ಗೊಂಬೆಗಳು. ನಾಯಕಿ ಕೆಸರಲ್ಲಿ ಎರಡು ಗಂಟೆ ಓಡಿದರೂ ಒಂದು ಕೂದಲು ಅಲುಗುವುದಿಲ್ಲ, ನನಗೆ ಮಗುವಿಗೆ ಹಾಲು ಕುಡಿಸಿ ಏಳುವಷ್ಟರಲ್ಲಿ ಜಡೆ ಬಿಚ್ಚಿರುತ್ತದೆ! ಹಳೆಯದರಲ್ಲಿ ಆ ಪ್ರಾಣಿ ಬರುವ ಮೊದಲು ಕಾಡೆಲ್ಲ ಸುಮ್ಮನಾಗುತ್ತಿತ್ತು, ಆ ಸುಮ್ಮನಿರುವಿಕೆಗೇ ನಾವು ಬೆವರುತ್ತಿದ್ದೆವು. ಇದರಲ್ಲಿ ಪಾಪ್‌ಕಾರ್ನ್ ಬಿಚ್ಚುವ ಮೊದಲೇ ಇಡೀ ಪ್ರಾಣಿ ಬಂದು ಎದುರು ನಿಲ್ಲುತ್ತದೆ, ಆಮೇಲೆ ಘರ್ಜನೆಯೋ ಘರ್ಜನೆ. ಮದುವೆಮನೆಯಲ್ಲಿ ಎಲೆ ತುಂಬ ಬರೀ ಪಾಯಸ ಬಡಿಸಿದ ಹಾಗೆ. ಕುರ್ಚಿ ನಡುಗುತ್ತದೆ, ಎದೆ ನಡುಗುತ್ತದೆ, ಭಯ ಮಾತ್ರ ಆಗುವುದಿಲ್ಲ. ನಾನು ಬಾಗಿಲ ಹತ್ತಿರದ ಕೊನೆಯ ಸಾಲಿನಲ್ಲಿ ಕೂತು, ಚಂದನಳ ಎರಡೂ ಕಿವಿ ಅಂಗೈಯಲ್ಲಿ ಮುಚ್ಚಿಕೊಂಡೇ ಇದ್ದೆ. ಕೇಳಿಸುತ್ತದೋ ಇಲ್ಲವೋ ಗೊತ್ತಿಲ್ಲದ ಕಿವಿಯನ್ನು ಸದ್ದಾಗುತ್ತದೆ ಎಂದು ಮುಚ್ಚುವುದು! ನಗಬೇಡ.

ಇಂಟರ್ವಲ್ ಆದ ಮೇಲೆ ಒಂದು ದೃಶ್ಯವಿದೆ. ಅದೊಂದನ್ನು ಮಾತ್ರ ಯಾರೋ ಹಳೆಯದನ್ನು ಮನಸಾರೆ ಪ್ರೀತಿಸಿದವರು ಮಾಡಿದ್ದಾರೆ. ಸಂಗೀತ ನಿಲ್ಲುತ್ತದೆ, ಮಾತಿಲ್ಲ. ಒಂದು ಗುಹೆ, ಗೂಡು, ಮೊಟ್ಟೆ. ಇಡೀ ಥಿಯೇಟರ್ ಉಸಿರು ಹಿಡಿದಿತ್ತು. ನಾನು ಕಿವಿಯಿಂದ ಕೈ ತೆಗೆದು ಚಂದನಳನ್ನು ಭುಜಕ್ಕೆ ಹಾಕಿಕೊಂಡೆ, ಅವಳ ಮುಖ ಹಿಂದಿನ ಗೋಡೆಯ ಕಡೆಗಿತ್ತು. ಆಗ ಮೊಟ್ಟೆ ಒಳಗಿಂದ ಟಕ್ ಎಂದಿತು. ಉಗುರಿನಿಂದ ಬಳೆ ತಟ್ಟಿದಷ್ಟು ಸಣ್ಣ ಸದ್ದು. ಮತ್ತೆ ಟಕ್. ಭಾನಣ್ಣಾ, ಅವಳು ತಿರುಗಿದಳು! ತಲೆ ಎತ್ತಿ, ಕತ್ತು ಹೊರಳಿಸಿ, ತೆರೆಯ ಕಡೆಗೆ! ನಾನು “ತಿರುಗಿದ್ಲು, ತಿರುಗಿದ್ಲು” ಅಂತ ಕೂಗಿಬಿಟ್ಟೆ. ಮುಂದಿನ ಸಾಲಿನವನೊಬ್ಬ “ಅಕ್ಕಾ, ಅದಿನ್ನೂ ಮೊಟ್ಟೇಲೇ ಐತೆ, ಸುಮ್ನಿರಕ್ಕಾ” ಎಂದ. ಸುನಿಲ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅತ್ತೆ “ನಾನ್ ಹೇಳ್ಲಿಲ್ವಾ?” ಅಂದರು. ಆಮೇಲೆ ಯಾರು ಯಾರನ್ನು ತಿಂದರೋ ನನಗೊಂದೂ ಗೊತ್ತಿಲ್ಲ. ಬಸ್ಸಿನಲ್ಲಿ ಊರು ಸೇರುವವರೆಗೂ ನಗುತ್ತಲೇ ಇದ್ದೆ.

ಕಥೆ ಹೇಗಾದರೂ ಇರಲಿ, ನೀನು ಈ ಸಿನಿಮಾ ನೋಡಲೇಬೇಕು, ದೊಡ್ಡ ತೆರೆಯಲ್ಲೇ. ರಜೆ ಸಿಕ್ಕ ದಿನ ತಪ್ಪಿಸಬೇಡ. ಅತ್ತೆ, ಸುನಿಲ್ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಸೊಸೆಗೆ ಅಲ್ಲಿಂದಲೇ ಹರಸು.

ನಿನ್ನ ತಂಗಿ,
ಸಿಂಧು

ಮರೆತೆ: ಲಕೋಟೆ ಅಂಟಿಸುವ ಮೊದಲು ಇದೊಂದು. ಆ ಎರಡನೆಯ ಟಕ್ ಹೊತ್ತಿಗೆ ನಾನು ತೆರೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಆಗ ಚಿಪ್ಪು ಬಿರಿದು ಬೆಳಕು ಬಂತೇನೋ, ಗೋಡೆಯ ಮೇಲೆ ಬಿದ್ದ ಬೆಳಕು ಎಲ್ಲಿಂದ ಬಂತೆಂದು ತಿರುಗಿದಳೇನೋ ಎಂದು ರಾತ್ರಿಯಿಂದ ತಲೆ ಕೊರೆಯುತ್ತಿದೆ. ಸುನಿಲ್‌ರನ್ನು ಕೇಳಿದರೆ “ಕತ್ತಲೇ ಇತ್ತು ಬಿಡು” ಅನ್ನುತ್ತಾರೆ, ನನ್ನ ಮುಖ ನೋಡಿ ಹೇಳುವ ಮಾತು ಅದು. ನೀನು ಮದುವೆ ಮಂಟಪದಲ್ಲೇ ನನ್ನ ಸೀರೆ ಚೆನ್ನಾಗಿಲ್ಲ ಅಂದವನು, ನಿನ್ನನ್ನು ನಂಬುತ್ತೇನೆ. ಕಣ್ಣು ಮಿಟುಕಿಸದೆ ನೋಡು. ಕತ್ತಲೇ ಇದ್ದರೆ ತಕ್ಷಣ ಫೋನ್ ಮಾಡು. ಬೆಳಕು ಬಂದಿದ್ದರೆ ಫೋನ್ ಮಾಡಬೇಡ, ಆಗಸ್ಟ್ ಏಳರೊಳಗೆ ರೈಲು ಹತ್ತಿ ಬಂದುಬಿಡು.