ಬ್ರೂನೋನ ಅಜ್ಜಿ ಮನೆ ಬಿಡಲಿಲ್ಲ

ಪ್ರೀತಿಯ ಪಪ್ಪಾ,

ಕೊಂಕಣಿಯಲ್ಲಿ ಬರೆಯೋಣವೆಂದು ಕೂತೆ, ಕೈ ಓಡಲಿಲ್ಲ. ನಾವು ಉಡುಪಿಯಲ್ಲಿದ್ದಾಗ ನೀವು ಮಸ್ಕತ್ತಿನಿಂದ ಬರೆಯುತ್ತಿದ್ದುದೂ ಕನ್ನಡದಲ್ಲೇ ಅಲ್ಲವೇ? ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಕಾಗದಕ್ಕೆ ಕನ್ನಡ. ನಮಗದು ವಿಚಿತ್ರವೆನಿಸಿದ್ದೇ ಇಲ್ಲ.

ಇಲ್ಲಿ ಮಸ್ಕತ್ತಿನ ರುಸೈಲಿನಲ್ಲಿದ್ದ ನಿಮ್ಮ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಬ್ರೂನೋ ಅಂಕಲ್, ಅಲ್ ಅಜೈಬಾದ ಈ ಮನೆಗೆ ಮೊದಲ ಸಲ ಊಟಕ್ಕೆ ಬಂದ ಶುಕ್ರವಾರ ನೆನಪಿದೆಯೇ? ಮೀನಿನ ಸಾರು ಮುಗಿಸಿ, ಖಾಲಿ ತಟ್ಟೆಯಲ್ಲಿ ಬೆರಳಿನಿಂದಲೇ ತಮ್ಮೂರಿನ ನಕ್ಷೆ ಬಿಡಿಸಿದರು. ಇಸ್ತ್ರಿಯಾ ಅಂತೆ. ಮೂರು ಕಡೆ ಸಮುದ್ರ. ಬಹುಪಾಲು ಕ್ರೊಯೇಷಿಯಾ, ಮೇಲ್ಗಡೆ ಸ್ಲೊವೇನಿಯಾ, ತುದಿಯಲ್ಲಿ ಚೂರು ಇಟಲಿ. ಗುಡ್ಡದ ನೆತ್ತಿಯ ಮೇಲೆ ಊರುಗಳು, ಕೆಳಗೆ ಕೆಂಪು ಮಣ್ಣು. ಕೆಂಪು ಮಣ್ಣೆಂದ ಕೂಡಲೇ ನೀವು ಕುರ್ಚಿ ಎಳೆದುಕೊಂಡು ಅವರ ಪಕ್ಕಕ್ಕೇ ಹೋದಿರಿ.

ಅವರ ಅಜ್ಜಿಯ ಕಥೆಗಂತೂ ಎಂಜಲು ಕೈ ಒಣಗಿದರೂ ನೀವು ಏಳಲಿಲ್ಲ. ಹುಟ್ಟುವಾಗ ಆಸ್ಟ್ರಿಯಾ, ಮದುವೆಯಾಗುವಾಗ ಇಟಲಿ, ತಲೆ ನರೆಯುವಾಗ ಯುಗೊಸ್ಲಾವಿಯಾ. ಅಜ್ಜಿ ಮಾತ್ರ ಮನೆ ಬಿಡಲಿಲ್ಲ. ಅಡುಗೆಮನೆಯಲ್ಲಿ ಇಟಾಲಿಯನ್, ನೆರೆಯವರೊಡನೆ ಕ್ರೊಯೇಷಿಯನ್. ಇಟಲಿಯ ಕಾಲದಲ್ಲಿ ಶಾಲೆಯಲ್ಲಿ ಕ್ರೊಯೇಷಿಯನ್ ಮಾತಾಡುವಂತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸರದಿ ಇಟಾಲಿಯನ್ನಿನದು. ಆ ಭಾಷೆಯ ಎಷ್ಟೋ ಜನ ಮನೆಗೆ ಬೀಗ ಹಾಕಿ ಹಡಗು ಹತ್ತಿದರು. ಅಜ್ಜಿಯ ತಂಗಿಯೂ ಹೋದಳು. ಉಳಿದ ಅಜ್ಜಿ, ಬಸ್ಸಿನಲ್ಲಿ ಮಕ್ಕಳು ಇಟಾಲಿಯನ್ನಿನಲ್ಲಿ ಬಾಯಿ ತೆರೆದರೆ ಚಿವುಟುತ್ತಿದ್ದಳಂತೆ.

ಅಂಕಲ್ ಹೋದ ಮೇಲೆ ನೀವು ರಿಯಾಳನ್ನು ನೋಡಿದಿರಿ. ನನ್ನ ಮಗಳಿಗಾಗ ಐದು ವರ್ಷ. ಶಾಲೆಯಲ್ಲಿ ಗೊಂದಲವಾದೀತೆಂದು ನಾನು ಅವಳೊಡನೆ ಬರೀ ಇಂಗ್ಲಿಷ್ ಮಾತಾಡುತ್ತಿದ್ದೆ.

"ಅಲ್ಲಿ ಹೆದರಿಸಿ ಬಿಡಿಸಿದ್ದು ಮಾರಾಯ್ತಿ. ನಿನ್ನನ್ನು ಇಲ್ಲಿ ಯಾರು ಹೆದರಿಸಿದ್ದು?"

"ಈ ಊರಲ್ಲಿ ಕೊಂಕಣಿ ಯಾರಿಗೆ ಬೇಕು ಪಪ್ಪಾ? ನೀವೂ ಅವಳ ಹತ್ರ ಮಾತಾಡ್ಬೇಡಿ. ಖಲಾಸ್!"

ನೀವು ಮತ್ತೆ ಆ ಮಾತೆತ್ತಲಿಲ್ಲ. ಮೊಮ್ಮಗಳ ಜೊತೆಗೂ ನಿಮ್ಮ ಆ ತಡವರಿಸುವ ಇಂಗ್ಲಿಷಿನಲ್ಲೇ ಮಾತಾಡಿದಿರಿ. ನಾನಾದರೂ ಒಂದು ದಿನ ಹೇಳಬೇಕಿತ್ತು, ಪರವಾಗಿಲ್ಲ ಪಪ್ಪಾ, ನೀವು ನಿಮ್ಮ ಮಾತಿನಲ್ಲೇ... ಆ ವರ್ಷವೇ ನೀವು ಕಣ್ಣು ಮುಚ್ಚಿದಿರಿ. ನಿಮ್ಮ ದನಿ ಕೇಳಬೇಕೆಂದು ಎಷ್ಟು ಆಸೆಯಾಗುತ್ತದೆ ಗೊತ್ತೇ?

ಮೊನ್ನೆ ಬ್ರೂನೋ ಅಂಕಲ್ ಊರಿನಿಂದ ಫೋನ್ ಮಾಡಿದ್ದರು. ಈಗ ಅಲ್ಲಿ ಬೀದಿಯ ಫಲಕಗಳಲ್ಲಿ ಎರಡೂ ಭಾಷೆ. ಸ್ಲೊವೇನಿಯಾದ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರೂ ಇಲ್ಲವಂತೆ. ಮೊಮ್ಮಕ್ಕಳಿಗೆ ಅಜ್ಜಿಯ ಮಾತು ಕಲಿಸಿದ್ದಾರೆ. ನಿನ್ನ ಮಗಳಿಗೆ ಕೊಂಕಣಿ ಬರುತ್ತದೆಯೇ ಎಂದು ಕೇಳಿದರು. ಚೆನ್ನಾಗಿ ಬರುತ್ತದೆ ಎಂದು ಹಸಿ ಸುಳ್ಳು ಹೇಳಿದೆ. ಹಾಗಾದರೆ ಫೋನ್ ಕೊಡು ಎನ್ನಬೇಕೇ! ಸ್ಪೀಕರ್ ಹಾಕಿ ರಿಯಾಳ ಕೈಗೆ ಕೊಟ್ಟೆ.

"ಜೆವಣ್ ಜಾಲೆಂ?"

ಕಾರ್ಖಾನೆಯ ಊಟದ ಬಿಡುವಿನಲ್ಲಿ ನೀವು ಅಂಕಲ್‌ಗೆ ಕಲಿಸಿದ್ದಂತೆ. ನಿಮ್ಮದೇ ರಾಗ, ಪಪ್ಪಾ. ರಿಯಾ ನನ್ನ ಮುಖ ನೋಡಿದಳು. "ವಾಟ್ ಈಸ್ ಹಿ ಸೇಯಿಂಗ್, ಮಮ್ಮಾ?"

ಊಟ ಆಯಿತೇ ಎಂದು ಇಸ್ತ್ರಿಯಾದವರು ನಮ್ಮ ಭಾಷೆಯಲ್ಲಿ ಕೇಳಿದ್ದನ್ನು ನಾನು ನನ್ನ ಮಗಳಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ನಾಚಿಕೆಯಿಂದ ಕುಗ್ಗಿಹೋದೆ. ಅವರಿಗೆ ಕಲಿಸಿದ ಅಜ್ಜ ತನಗೇಕೆ ಕಲಿಸಲಿಲ್ಲ ಎಂದು ಕೇಳಿದಳು. ಅವಳ ಕಣ್ಣು ತುಂಬಿತ್ತು.

ತಪ್ಪು ನಿಮ್ಮ ಮೇಲೆ ಬರಲು ಬಿಡಲಿಲ್ಲ ಪಪ್ಪಾ. ಬೇಡವೆಂದದ್ದು ನಾನೇ ಎಂದೆ. ಕೊಂಕಣಿಯಲ್ಲೇ ಹೇಳಿದೆ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದಳು.

ತಿಳಿಯುವವರೆಗೂ ಹೇಳುತ್ತೇನೆ.

ನಿಮ್ಮ ಮಗಳು