ಗುಡ್ಡ ಹತ್ತುವ ಭಾನುವಾರ

ಕ್ನೊಕ್‌ಬಾನ್, ಡನಿಗಾಲ್
೬ ಆಗಸ್ಟ್ ೧೯೩೬

ಪ್ರೀತಿಯ ರೋಷಾ ಅಕ್ಕ,

ಗ್ಲ್ಯಾಸ್ಗೊದ ಹೊಗೆಯಲ್ಲಿ ನಿನ್ನ ಕೆಮ್ಮು ಹೇಗಿದೆ? ಈಸ್ಟರ್‌ಗೆ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡೇ ಓದು.

ಮೊನ್ನೆ ಭಾನುವಾರ ಲೂನಸ ಹಬ್ಬ. ಬೆಳಿಗ್ಗೆ ನನ್ನ ಗಂಡರಾಯ ಫೆಲಿಮ್ ಹೊಸ ಆಲೂಗಡ್ಡೆಯ ಮೊದಲ ಬುಡ ಕಿತ್ತ. ಗೆಡ್ಡೆ ಚೆನ್ನಾಗಿ ಕಟ್ಟಿದೆ. ಜುಲೈಯಿಡೀ ಗಂಜಿ, ಸೊಪ್ಪು ತಿಂದ ಬಾಯಿಗೆ ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ! ಅವನು ಮತ್ತೆ ಮತ್ತೆ ಬಡಿಸಿಕೊಂಡ. ನನ್ನ ತಟ್ಟೆಯದನ್ನೂ ಅವನಿಗೇ ಸುರಿದೆ.

ಚರ್ಚಿನಲ್ಲಿ ಹೊಸ ಪಾದ್ರಿಗಳು ಗುಡುಗಿದರು: "ಲೂಗ್ ಅನ್ನೋ ಹಳೇ ದೇವರ ಹಬ್ಬ ಅದು. ಗುಡ್ಡ ಹತ್ತಿ ಕುಣಿಯೋದು ಈ ವರ್ಷಕ್ಕೇ ಕೊನೆ. ಮುಂದಿನ ವರ್ಷ ಎಲ್ಲರೂ ಇಲ್ಲೇ ಜಪಸರ ಹಿಡ್ಕೊಂಡು ಕೂರಬೇಕು."

ಹೊರಗೆ ಬಂದದ್ದೇ ಪಕ್ಕದ ಮನೆಯ ಗ್ರಾನ್ಯಾ ಅಜ್ಜಿ, "ನೆಲದೊಳಗೆ ಬೆಳೆ ಬಚ್ಚಿಟ್ಕೊಂಡಿದ್ದ ಜಿಪುಣನ ಜೊತೆ ಹೊಡೆದಾಡಿ ಲೂಗ್ ನಮ್ ಹೊಟ್ಟೆಗೆ ತಂದ. ಇವನೇನ್ ತಂದಿದಾನೆ, ಕಾಣಿಕೆ ತಟ್ಟೆ ಬಿಟ್ರೆ?" ಎಂದಳು. ಎಲ್ಲರೂ ನಕ್ಕರು, ಮೆಲ್ಲಗೆ.

ಗುಡ್ಡಕ್ಕೆ ಬಂದವರು ಕಡಿಮೆ. ಹುಡುಗಿಯರು ಮುಡಿದಿದ್ದ ಹೂವನ್ನು ತುದಿಯ ಗುಂಡಿಯಲ್ಲಿ ಹೂತು ಬೇಸಿಗೆಯನ್ನು ಕಳಿಸಿಕೊಟ್ಟರು. ಕಾಡುಹಣ್ಣು ತಿಂದು ಎಲ್ಲರ ತುಟಿಯೂ ನೀಲಿ. ಅಜ್ಜಿಯ ಮೊಮ್ಮಗ ಓವನ್, "ನೂಲಾ ಅತ್ತೆ, ಈ ವಯಸ್ಸಲ್ಲಿ ಗಂಡು ಹುಡುಕೋಕೆ ಬಂದ್ಯಾ?" ಎಂದ.

"ಫೆಲಿಮ್‌ಗಿಂತ ಚೆನ್ನಾಗಿ ಕುಣಿಯೋನು ಸಿಕ್ಕರೆ ಬಿಡಲ್ಲ ಕಣೋ!"

ಪಿಟೀಲು ಶುರುವಾದಾಗ ಬುಟ್ಟಿ ಹಿಡಿದು ಆಚೆ ಇಳಿಜಾರಿಗೆ ಹೋದೆ. ಎಲ್ಲರೂ ಇಳಿಯುವ ತನಕ ಅಲ್ಲಿ ಒಬ್ಬಳೇ ಕೂತಿದ್ದೆ. ಮನೆಗೆ ಬಂದರೆ, "ಹಣ್ಣು ಇಷ್ಟೇನಾ?" ಎಂದ ಫೆಲಿಮ್. ಬೇರೇನೂ ಕೇಳಲಿಲ್ಲ.

ಚಳಿಗೆ ಮುಂಚೆ ಉಣ್ಣೆಯ ಶಾಲು ಕಳಿಸುತ್ತೇನೆ. ಮೇರಿ ಮಾತೆ ನಿನ್ನ ಎದೆಯನ್ನು ಬೆಚ್ಚಗಿಡಲಿ, ನಿನ್ನ ಬಾಗಿಲಿಗೆ ಒಳ್ಳೆಯವರೇ ಬರಲಿ.

ನಿನ್ನ ತಂಗಿ,
ನೂಲಾ

ಇನ್ನೊಂದು ಮಾತು, ಅಕ್ಕ. ನನ್ನ ಮಗು ಹುಟ್ಟುತ್ತಲೇ ಹೋಯಿತು ಎಂದಷ್ಟೇ ಆ ವರ್ಷ ನಿನಗೆ ಬರೆದಿದ್ದೆ. ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಫೆಲಿಮ್ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಆ ಇಳಿಜಾರಿನಲ್ಲಿ ಹೂತು ಬಂದ. ಅಂದಿನಿಂದ ಅವಳ ಮಾತೆತ್ತಿಲ್ಲ, ಎತ್ತಲು ನನ್ನನ್ನೂ ಬಿಟ್ಟಿಲ್ಲ. ಅಲ್ಲಿ ಕೂತಾಗ ನಾನು ಅವಳನ್ನು ರೋಷಾ ಎಂದು ಕರೆಯುತ್ತೇನೆ. ಹಬ್ಬದ ದಿನವಾದರೆ ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುತ್ತಿರಲಿಲ್ಲ. ಮುಂದಿನ ವರ್ಷ ಏನೆಂದು ಹೇಳಿ ಹತ್ತಲಿ?